ದೇಶಕಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ಉಪನ್ಯಾಸ ಮುಗಿದ ಮೇಲೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಸೂತ್ರಗಳೂ ಮಾತಿನಲ್ಲೇ ಇವೆ. ಕ್ಯಾಲ್ಕುಲೇಟರ್ ಪಕ್ಕದಲ್ಲಿದ್ದರೆ ಒಳ್ಳೆಯದು.

## ಬುನಾದಿ

ದೇಶಕಾಲ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ.

ನಡೆದ, ನಡೆಯುವ ಎಲ್ಲ ಘಟನೆಗಳ ಒಟ್ಟು ಸಮೂಹ, ಜೊತೆಗೆ ಯಾವುದೇ ಎರಡು ಘಟನೆಗಳ ನಡುವಿನ ಅಂತರವನ್ನು ಲೆಕ್ಕಹಾಕುವ ಒಂದು ನಿಯಮ. ಇಲ್ಲಿ ‘ದೇಶ’ ಎಂದರೆ ನಾಡಲ್ಲ, ಜಾಗ.

ಲಗ್ನಪತ್ರಿಕೆಯಲ್ಲಿ ಛತ್ರದ ವಿಳಾಸವೂ ಬೇಕು, ಮುಹೂರ್ತವೂ ಬೇಕು. ಒಂದು ಬಿಟ್ಟರೂ ಮದುವೆ ತಪ್ಪಿಹೋಗುತ್ತದೆ. ಸ್ಥಳಕ್ಕೆ ಮೂರು ಸಂಖ್ಯೆ, ಹೊತ್ತಿಗೆ ಒಂದು, ಒಟ್ಟು ನಾಲ್ಕು. ಇಷ್ಟಂತೂ ನ್ಯೂಟನ್‌ಗೂ ಗೊತ್ತಿತ್ತು. ಅನೇಕರು ವಿವರಣೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಹಾಗಾಗಿ ಓದಿದವರಿಗೆ ಇದರಲ್ಲಿ ಹೊಸದೇನಿದೆ ಅನ್ನಿಸುವುದು ಸಹಜ. ಹೊಸದು ಇದು: ಎರಡು ಘಟನೆಗಳ ನಡುವೆ ಎಷ್ಟು ಹೊತ್ತು, ಎಷ್ಟು ದೂರ ಎಂಬ ಎರಡು ಉತ್ತರಗಳೂ ಅಳೆಯುವವರ ಚಲನೆಗೆ ತಕ್ಕಂತೆ ಬದಲಾಗುತ್ತವೆ. ಎರಡನ್ನೂ ಒಂದು ನಿರ್ದಿಷ್ಟ ರೀತಿಯಲ್ಲಿ ಸೇರಿಸಿದಾಗ ಸಿಗುವ ಸಂಖ್ಯೆ ಮಾತ್ರ ಎಲ್ಲರಿಗೂ ಒಂದೇ. ಅದನ್ನು ಇಲ್ಲಿ ದೇಶಕಾಲಾಂತರ ಎಂದು ಕರೆದಿದ್ದೇವೆ.

ಕಾಲ ನಾಲ್ಕನೇ ಆಯಾಮ ಅಂತೀರಲ್ಲ, ಅದೂ ಉದ್ದ ಅಗಲದ ಥರಾನೇನಾ?

ಅಲ್ಲ. ಲೆಕ್ಕ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಎರಡು ಘಟನೆಗಳ ನಡುವಿನ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ, ವರ್ಗ ಮಾಡಿ. ಅದರಿಂದ ಅವುಗಳ ನಡುವಿನ ದೂರದ ವರ್ಗವನ್ನು ಕಳೆಯಿರಿ. ಬಂದದ್ದು ದೇಶಕಾಲಾಂತರದ ವರ್ಗ. ಪೈಥಾಗೊರಸ್ ಪ್ರಮೇಯದಲ್ಲಿ ವರ್ಗಗಳನ್ನು ಕೂಡುತ್ತೇವೆ, ಇಲ್ಲಿ ಕಳೆಯುತ್ತೇವೆ. ಕಾಲಕ್ಕೂ ದೇಶಕ್ಕೂ ಇರುವ ಭೇದವೆಲ್ಲ ಆ ಒಂದು ಮೈನಸ್ ಚಿಹ್ನೆಯಲ್ಲಿದೆ.

ಉತ್ತರ ಧನವಾಗಿದ್ದರೆ ಎರಡೂ ಘಟನೆಗಳಲ್ಲಿ ಹಾಜರಿರಬಲ್ಲ ಗಡಿಯಾರವೊಂದು ಸಾಧ್ಯ. ವರ್ಗಮೂಲವನ್ನು ಬೆಳಕಿನ ವೇಗದಿಂದ ಭಾಗಿಸಿದರೆ, ಒಂದರಿಂದ ಇನ್ನೊಂದಕ್ಕೆ ಸಮವೇಗದಲ್ಲಿ ಸಾಗಿದ ಆ ಗಡಿಯಾರ ಎಷ್ಟು ಹೊತ್ತು ತೋರಿಸುತ್ತದೆ ಎಂಬುದು ಸಿಗುತ್ತದೆ. ಸೊನ್ನೆಯಾದರೆ ಬೆಳಕು ಮಾತ್ರ ಎರಡನ್ನೂ ಮುಟ್ಟಬಲ್ಲದು. ಋಣವಾದರೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪಲು ದಾರಿಯಿಲ್ಲ, ಯಾವುದು ಮೊದಲು ಎಂಬುದಕ್ಕೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ಕೆಲವು ಪಠ್ಯಗಳಲ್ಲಿ ಚಿಹ್ನೆ ತಿರುಗುಮುರುಗಾಗಿರುತ್ತದೆ. ಯಾವುದನ್ನು ಹಿಡಿದರೂ ಸರಿಯೇ, ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಿದರೆ ಕೆಟ್ಟಿತು.

ಸೆಕೆಂಡ್‌ನಿಂದ ಮೀಟರ್ ಹೇಗೆ ಕಳೀತೀರಿ? ಮತ್ತೆ, ಇದೆಲ್ಲ ನಮ್ಮ ಕಣ್ಣಿಗೆ ಯಾಕೆ ಬೀಳಲ್ಲ?

ಮೊದಲು ಬೆಳಕಿನ ವೇಗದಿಂದ ಗುಣಿಸಿ ಎರಡನ್ನೂ ಮೀಟರ್ ಮಾಡಿಕೊಳ್ಳುತ್ತೇವೆ. ಈ ವೇಗ ಸೆಕೆಂಡಿಗೆ 29,97,92,458 ಮೀಟರ್, ಕರಾರುವಾಕ್ಕಾಗಿ. ಏಕೆಂದರೆ 1983ರಿಂದ ಮೀಟರನ್ನೇ ಬೆಳಕಿನ ಲೆಕ್ಕದಲ್ಲಿ ನಿಗದಿಪಡಿಸಲಾಗಿದೆ. ಒಂದು ನ್ಯಾನೊಸೆಕೆಂಡ್ ಎಂದರೆ ಸುಮಾರು 30 ಸೆಂಟಿಮೀಟರ್, ಒಂದು ಸೆಕೆಂಡ್ ಎಂದರೆ ಸುಮಾರು 3 ಲಕ್ಷ ಕಿ.ಮೀ.

ಎರಡನೇ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಬೆಂಗಳೂರಿನಿಂದ ಮೈಸೂರಿಗೆ 140 ಕಿ.ಮೀ., ಬಸ್ಸಿನಲ್ಲಿ ಮೂರು ಗಂಟೆ ಎನ್ನಿ. ಆ ಮೂರು ಗಂಟೆಯನ್ನು ದೂರಕ್ಕೆ ತಿರುಗಿಸಿದರೆ ಸುಮಾರು 324 ಕೋಟಿ ಕಿ.ಮೀ. ಅದರ ವರ್ಗದಿಂದ 140ರ ವರ್ಗ ಕಳೆದರೆ ಏನು ತಾನೆ ಕಡಿಮೆಯಾದೀತು? ಬಸ್ಸಿನ ಗಡಿಯಾರಕ್ಕೂ ನೆಲದ ಗಡಿಯಾರಕ್ಕೂ ವೇಗದಿಂದಷ್ಟೇ ಬರುವ ವ್ಯತ್ಯಾಸ ಸುಮಾರು 10 ಪಿಕೊಸೆಕೆಂಡ್, ಅಂದರೆ ಒಂದು ಸೆಕೆಂಡಿನಲ್ಲಿ ಹತ್ತು ಸಾವಿರ ಕೋಟಿಯ ಒಂದು ಭಾಗ. ಕೈಗಡಿಯಾರಕ್ಕೆ ಇದು ನಿಲುಕುವುದಿಲ್ಲ.

ಇದನ್ನು ಕಂಡುಹಿಡಿದದ್ದು ಐನ್‌ಸ್ಟೈನೇ ತಾನೆ?

ಭೌತಶಾಸ್ತ್ರ ಐನ್‌ಸ್ಟೈನ್ ಅವರದು, 1905ರ ಸಾಪೇಕ್ಷತಾ ಸಿದ್ಧಾಂತ. ಅದನ್ನು ನಾಲ್ಕು ಆಯಾಮಗಳ ಜ್ಯಾಮಿತಿಯಾಗಿ ಕಟ್ಟಿಕೊಟ್ಟವರು ಜ್ಯೂರಿಕ್‌ನಲ್ಲಿ ಅವರಿಗೆ ಗಣಿತ ಕಲಿಸಿದ್ದ ಹರ್ಮನ್ ಮಿಂಕೋವ್‌ಸ್ಕಿ, 1908ರ ಸೆಪ್ಟೆಂಬರ್ 21ರ ಕಲೋನ್ ಉಪನ್ಯಾಸದಲ್ಲಿ. ನಾಲ್ಕು ತಿಂಗಳಲ್ಲೇ ಅವರು ತೀರಿಕೊಂಡರು. ಗಣಿತದ ಈ ಸಡಗರ ಅನಗತ್ಯವೆಂದು ಮೊದಮೊದಲು ಕಂಡಿದ್ದ ಶಿಷ್ಯನಿಗೆ, ಗುರುತ್ವದ ಬೆನ್ನುಹತ್ತಿದಾಗ ಅದಿಲ್ಲದೆ ಒಂದು ಹೆಜ್ಜೆಯೂ ಇಡಲಾಗಲಿಲ್ಲ.

## ಗಡಿಯಾರ ಮತ್ತು ವೇಗ

‘ಈಗ’ ಅನ್ನೋದು ಎಲ್ಲರಿಗೂ ಒಂದೇ ಅಲ್ವಾ?

ಹತ್ತಿರದವರಿಗೆ ಹೆಚ್ಚುಕಡಿಮೆ ಒಂದೇ. ದೂರ ಹೆಚ್ಚಿದಂತೆ ಒಂದಾಗಿರುವುದಿಲ್ಲ. ಎಷ್ಟು ಸರಿಯುತ್ತದೆಂದು ತಿಳಿಯಲು, ನಿಮ್ಮ ವೇಗವನ್ನು ದೂರದಿಂದ ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸಿ. ಆಂಡ್ರೊಮಿಡಾ ಗೆಲಾಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ನೀವು ಬೆಂಚಿನ ಮೇಲೆ ಕೂತಿದ್ದೀರಿ, ಪಕ್ಕದಲ್ಲೇ ಒಬ್ಬರು ಅದರ ದಿಕ್ಕಿಗೆ ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದುಹೋದರು. ಆಂಡ್ರೊಮಿಡಾದಲ್ಲಿ ‘ಈಗ’ ನಡೆಯುತ್ತಿರುವುದೇನು ಎಂಬ ಬಗ್ಗೆ ನಿಮ್ಮಿಬ್ಬರ ಲೆಕ್ಕದಲ್ಲಿ ಸುಮಾರು 4 ದಿನಗಳ ವ್ಯತ್ಯಾಸ.

ಇದರಿಂದ ಯಾರಿಗೂ ಭವಿಷ್ಯ ಕಾಣುವುದಿಲ್ಲ. ಅಲ್ಲಿನ ಆ ಘಟನೆಗಳಿಗೂ ನಿಮಗೂ ನಡುವಿನ ದೇಶಕಾಲಾಂತರದ ವರ್ಗ ಋಣ; ಸುದ್ದಿ ಇಬ್ಬರಿಗೂ 25 ಲಕ್ಷ ವರ್ಷಗಳ ನಂತರವೇ ಬರುವುದು.

ಓಡುವ ಗಡಿಯಾರ ನಿಧಾನ ಅಂತ ಯಾರಾದ್ರೂ ನಿಜವಾಗಿ ಅಳೆದು ನೋಡಿದ್ದಾರಾ?

ಎಷ್ಟೋ ಸಲ. ವಾತಾವರಣದ ಮೇಲ್ಭಾಗದಲ್ಲಿ, ಸುಮಾರು 15 ಕಿ.ಮೀ. ಎತ್ತರದಲ್ಲಿ, ಕಾಸ್ಮಿಕ್ ಕಿರಣಗಳಿಂದ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡ್, ಬೆಳಕಿನ ವೇಗದಲ್ಲೇ ಓಡಿದರೂ 660 ಮೀಟರಿಗೆ ಕಥೆ ಮುಗಿಯಬೇಕು. ಆದರೂ ನೆಲದವರೆಗೆ ಧಾರಾಳವಾಗಿ ಬರುತ್ತವೆ. ಎತ್ತರದಲ್ಲೂ ತಗ್ಗಿನಲ್ಲೂ ಅವನ್ನು ಎಣಿಸಿ ಇದನ್ನು 1941ರಲ್ಲಿ ಪರೀಕ್ಷಿಸಿದವರು ಬ್ರೂನೊ ರೊಸ್ಸಿ ಮತ್ತು ಡೇವಿಡ್ ಹಾಲ್. 1970ರ ದಶಕದಲ್ಲಿ ಯುರೋಪಿನ ಕಣಭೌತ ಪ್ರಯೋಗಾಲಯ ಸೆರ್ನ್‌ನ ಉಂಗುರದಲ್ಲಿ ಸುತ್ತಿಸಿದ ಮ್ಯೂಆನ್‌ಗಳು ಸುಮಾರು 64 ಮೈಕ್ರೊಸೆಕೆಂಡ್ ಬಾಳಿದವು, 29 ಪಟ್ಟು ಹೆಚ್ಚು. ಲೆಕ್ಕ ಹೇಳಿದ್ದೂ ಅಷ್ಟನ್ನೇ.

ನಿಜವಾದ ಗಡಿಯಾರಗಳೇ ಬೇಕೆಂದರೆ 1971ರ ಅಕ್ಟೋಬರ್‌ನ ಪ್ರಯೋಗವಿದೆ. ಹಾಫೆಲೆ ಮತ್ತು ಕೀಟಿಂಗ್ ನಾಲ್ಕು ಸೀಸಿಯಂ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿ ಹೊತ್ತು ಭೂಮಿಯನ್ನು ಸುತ್ತಿದರು. ಪೂರ್ವಕ್ಕೆ ಸುತ್ತಿದಾಗ ನೆಲದ ಗಡಿಯಾರಕ್ಕಿಂತ 59 ನ್ಯಾನೊಸೆಕೆಂಡ್ ಹಿಂದೆ ಬಿದ್ದವು, ಪಶ್ಚಿಮಕ್ಕೆ ಸುತ್ತಿದಾಗ 273 ನ್ಯಾನೊಸೆಕೆಂಡ್ ಮುಂದಿದ್ದವು. ದಿಕ್ಕಿಗೊಂದು ಉತ್ತರ ಬರಲು ಕಾರಣ ಭೂಮಿಯೇ ಪೂರ್ವಕ್ಕೆ ತಿರುಗುತ್ತಿರುವುದು. ಎರಡರಲ್ಲೂ ಎತ್ತರದ ಪ್ರಭಾವ ಸೇರಿದೆ; ಅದರ ವಿಚಾರ ಮುಂದೆ ‘ಗುರುತ್ವ’ ಭಾಗದಲ್ಲಿದೆ.

ಅವಳಿಗಳ ಕಥೆಯಲ್ಲಿ ಇಬ್ಬರೂ ‘ಓಡ್ತಿರೋದು ನೀನೇ’ ಅನ್ನಬಹುದಲ್ಲ? ಮತ್ತೆ ಒಬ್ಬಳಿಗೇ ಯಾಕೆ ವಯಸ್ಸು ಕಡಿಮೆ?

ಕಥೆ ಇದು: ಅವಳಿಗಳಲ್ಲಿ ಒಬ್ಬಳು ಮನೆಯಲ್ಲೇ ಇರುತ್ತಾಳೆ, ಇನ್ನೊಬ್ಬಳು ಅತಿ ವೇಗದಲ್ಲಿ ದೂರದ ನಕ್ಷತ್ರಕ್ಕೆ ಹೋಗಿ ಮರಳುತ್ತಾಳೆ; ಮರಳಿದವಳಿಗೇ ವಯಸ್ಸು ಕಡಿಮೆ. ಪ್ರತಿಯೊಬ್ಬಳ ಗಡಿಯಾರವೂ ಅವಳು ದೇಶಕಾಲದಲ್ಲಿ ಸಾಗಿದ ದಾರಿಯ ಉದ್ದವನ್ನು ಅಳೆಯುತ್ತದೆ. ಇಬ್ಬರ ದಾರಿ ಬೇರೆ, ಉದ್ದವೂ ಬೇರೆ.

ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ 4.24 ಜ್ಯೋತಿರ್ವರ್ಷ ದೂರ. ಒಬ್ಬಳು ಬೆಳಕಿನ ವೇಗದ ಶೇ. 80ರಲ್ಲಿ ಹೋಗಿ ಬರುತ್ತಾಳೆ. ಭೂಮಿಯ ಲೆಕ್ಕದಲ್ಲಿ ಒಂದು ದಿಕ್ಕಿಗೆ 5.3 ವರ್ಷ. 5.3ರ ವರ್ಗದಿಂದ 4.24ರ ವರ್ಗ ಕಳೆದು ವರ್ಗಮೂಲ ತೆಗೆದರೆ 3.18. ಹೋಗಿಬರಲು ಅವಳಿಗೆ 6.36 ವರ್ಷ, ಮನೆಯಲ್ಲಿದ್ದವಳಿಗೆ 10.6 ವರ್ಷ. ಕಾಗದದ ಮೇಲಿನ ತ್ರಿಕೋನದಲ್ಲಿ ಸುತ್ತುದಾರಿ ಉದ್ದ. ಮೈನಸ್ ಚಿಹ್ನೆಯಿಂದಾಗಿ ದೇಶಕಾಲದ ತ್ರಿಕೋನದಲ್ಲಿ ಸುತ್ತುದಾರಿಯೇ ಗಿಡ್ಡ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ತಿರುಗುವಾಗಿನ ವೇಗೋತ್ಕರ್ಷವೇ ವಯಸ್ಸನ್ನು ತಗ್ಗಿಸಿತು ಎನ್ನುವುದು. ಯಾರ ದಾರಿ ಮುರಿದಿದೆ ಎಂದಷ್ಟೇ ಅದು ತೋರಿಸುತ್ತದೆ. ಅದೇ ತಿರುವನ್ನು ಎರಡು ಪಟ್ಟು ದೂರ ಹೋಗಿ ಮಾಡಿದರೆ ವಯಸ್ಸಿನ ವ್ಯತ್ಯಾಸವೂ ಎರಡು ಪಟ್ಟಾಗುತ್ತದೆ, ತಿರುವು ಮಾತ್ರ ಅದೇ.

ಬೆಳಕಿಗಿಂತ ವೇಗವಾಗಿ ಹೋಗೋಕೆ ಇನ್ನೂ ದೊಡ್ಡ ಎಂಜಿನ್ ಸಾಕಲ್ವಾ?

ಸಾಲದು. ಸೆರ್ನ್‌ನ ದೊಡ್ಡ ಯಂತ್ರದಲ್ಲಿ 6.5 ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ತುಂಬಿದ ಪ್ರೋಟಾನ್ ಬೆಳಕಿಗಿಂತ ಸೆಕೆಂಡಿಗೆ ಸುಮಾರು 3 ಮೀಟರ್ ಮಾತ್ರ ಹಿಂದಿರುತ್ತದೆ. ಶಕ್ತಿಯನ್ನು ದುಪ್ಪಟ್ಟು ಮಾಡಿದರೂ ಆ ಮೂರು ಮೀಟರಿನಲ್ಲಿ ಮುಕ್ಕಾಲು ಭಾಗ ಕಡಿಮೆಯಾಗುತ್ತದೆ ಅಷ್ಟೇ, ಸೊನ್ನೆಯಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಕಾರ್ಯಕಾರಣದ್ದು: ಬೆಳಕನ್ನು ಮೀರಿದ ಸಂದೇಶ ಸಾಧ್ಯವಾದರೆ, ಯಾರೋ ಒಬ್ಬ ವೀಕ್ಷಕನ ಲೆಕ್ಕದಲ್ಲಿ ಅದು ಕಳಿಸುವ ಮೊದಲೇ ತಲುಪಿರುತ್ತದೆ.

ರೇವತಿ ಮತ್ತು ಕಕುದ್ಮಿಯ ಕಥೆಯಲ್ಲೇ ಸಾಪೇಕ್ಷತೆ ಇದೆಯಂತೆ, ಹೌದಾ?

ಭಾಗವತದ ಕಥೆ: ರಾಜ ಕಕುದ್ಮಿ ಮಗಳು ರೇವತಿಗೆ ವರ ಹುಡುಕಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ, ಅಲ್ಲಿ ಗಾಯನ ಮುಗಿಯುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಉರುಳಿರುತ್ತವೆ. ಚತುರ್ಯುಗಕ್ಕೆ 43.2 ಲಕ್ಷ ವರ್ಷದಂತೆ ಸುಮಾರು 11.66 ಕೋಟಿ ವರ್ಷ. ಗಾಯನ ಒಂದು ಗಂಟೆಯದೆಂದು ಹಿಡಿದರೆ ಅನುಪಾತ ಸುಮಾರು ಒಂದು ಲಕ್ಷ ಕೋಟಿ. ಕಾಲ ಎಲ್ಲೆಡೆ ಒಂದೇ ಗತಿಯಲ್ಲಿ ಸಾಗಬೇಕಿಲ್ಲ ಎಂಬ ಕಲ್ಪನೆ ಇಲ್ಲಿ ಖಂಡಿತ ಇದೆ, ಸೊಗಸಾಗಿಯೂ ಇದೆ. ಎಷ್ಟು ವೇಗಕ್ಕೆ, ಎಷ್ಟು ಗುರುತ್ವಕ್ಕೆ ಗಡಿಯಾರ ಎಷ್ಟು ಹಿಂದೆ ಬೀಳುತ್ತದೆಂಬ ನಿಯಮ ಇಲ್ಲ. ಆ ನಿಯಮ ಇದ್ದರೆ ಮಾತ್ರ ಸಾಪೇಕ್ಷತೆ ಎನ್ನಬಹುದು.

## ಗುರುತ್ವ

ರಬ್ಬರ್ ಹಾಳೆ ಮೇಲೆ ಗುಂಡು ಇಟ್ಟ ಚಿತ್ರ ಸರಿನಾ?

ಭಾರವಿದ್ದೆಡೆ ದೇಶಕಾಲ ಬಾಗುತ್ತದೆ, ಆ ಬಾಗುವಿಕೆಯೇ ಗುರುತ್ವ ಎಂದು ತೋರಿಸಲು ಬಳಸುವ ಚಿತ್ರ ಅದು: ಗುಂಡು ಹಾಳೆಯನ್ನು ತಗ್ಗಿಸುತ್ತದೆ, ಪಕ್ಕದ ಗೋಲಿ ಅತ್ತ ಉರುಳುತ್ತದೆ. ಸರಿಗಿಂತ ತಪ್ಪೇ ಹೆಚ್ಚು. ಹಾಳೆ ತಗ್ಗಾಗಲು, ಗೋಲಿ ಆ ತಗ್ಗಿಗೆ ಉರುಳಲು ಕೆಳಗಿನಿಂದ ಭೂಮಿಯೇ ಎಳೆಯಬೇಕು. ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಬಳಸಿದಂತಾಯಿತು. ಅದಕ್ಕಿಂತ ಮುಖ್ಯವಾಗಿ, ಹಾಳೆಯಲ್ಲಿ ದೇಶ ಮಾತ್ರ ಬಾಗಿದೆ, ಕಾಲ ಇಲ್ಲವೇ ಇಲ್ಲ. ನಮ್ಮ ಸುತ್ತಲಿನ ನಿಧಾನದ ವಸ್ತುಗಳು ಬೀಳುವುದು ಬಹುತೇಕ ಪೂರ್ತಿಯಾಗಿ ಕಾಲದ ಭಾಗದ ಬಾಗುವಿಕೆಯಿಂದ.

ಒಂದು ಲೆಕ್ಕ ಇದನ್ನು ಬಿಡಿಸಿ ತೋರಿಸುತ್ತದೆ. ಚೆಂಡನ್ನು ಎಸೆದಿರಿ, 4.9 ಮೀಟರ್ ಏರಿ, 2 ಸೆಕೆಂಡಿನಲ್ಲಿ ದೂರದ ಒಂದು ಗುರಿಗೆ ಬಿತ್ತು. ಅದೇ ಗುರಿಗೆ ಗುಂಡು ಹಾರಿಸಿದಿರಿ, 0.2 ಸೆಕೆಂಡಿನಲ್ಲಿ ತಲುಪಿತು, ದಾರಿಯಲ್ಲಿ 4.9 ಸೆಂಟಿಮೀಟರ್ ಮಾತ್ರ ಏರಿತು. ಕಣ್ಣಿಗೆ ಎರಡು ಕಮಾನುಗಳೂ ಬೇರೆ ಬೇರೆ. ದೇಶವೊಂದೇ ಬಾಗಿದ್ದರೆ ಎರಡೂ ಒಂದೇ ದಾರಿ ಹಿಡಿಯಬೇಕಿತ್ತಲ್ಲ? ಈಗ ಕಾಲವನ್ನೂ ಸೇರಿಸಿ. ಚೆಂಡಿನ ಕಮಾನಿನ ಉದ್ದ 2 ಬೆಳಕಿನ ಸೆಕೆಂಡ್, ಅಂದರೆ 6 ಲಕ್ಷ ಕಿ.ಮೀ.; ಗುಂಡಿನದು 60 ಸಾವಿರ ಕಿ.ಮೀ. ಉದ್ದದ ವರ್ಗವನ್ನು ಎತ್ತರದ 8 ಪಟ್ಟಿನಿಂದ ಭಾಗಿಸಿದರೆ ಕಮಾನಿನ ತ್ರಿಜ್ಯ ಸಿಗುತ್ತದೆ. ಎರಡಕ್ಕೂ ಒಂದೇ ಉತ್ತರ: ಸುಮಾರು 9.2 ಲಕ್ಷ ಕೋಟಿ ಕಿ.ಮೀ., ಒಂದು ಜ್ಯೋತಿರ್ವರ್ಷಕ್ಕೆ ತುಸು ಕಡಿಮೆ. ಬಾಗುವಿಕೆ ಇಷ್ಟು ಸೌಮ್ಯವಾಗಿದ್ದರೂ ಚೆಂಡು ಬೀಳುವುದು ಕಾಣುತ್ತದೆ, ಏಕೆಂದರೆ ಎರಡೇ ಸೆಕೆಂಡಿನಲ್ಲಿ ಅದು ದೇಶಕಾಲದಲ್ಲಿ ಆರು ಲಕ್ಷ ಕಿ.ಮೀ. ಸಾಗಿರುತ್ತದೆ.

ಬೆಳಕಿಗೆ ತೂಕವೇ ಇಲ್ಲ, ಅದು ಯಾಕೆ ಬಾಗುತ್ತೆ?

ದಾರಿಯೇ ಬಾಗಿರುವಾಗ ತೂಕದ ಪ್ರಶ್ನೆ ಬರುವುದಿಲ್ಲ. ಸೂರ್ಯನ ಅಂಚು ಸವರಿ ಬರುವ ಬೆಳಕು 1.75 ಆರ್ಕ್‌ಸೆಕೆಂಡ್ ತಿರುಗುತ್ತದೆ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಆರ್ಕ್‌ಸೆಕೆಂಡ್. ಇದರಲ್ಲಿ ಅರ್ಧ ಕಾಲದ ಬಾಗುವಿಕೆಯಿಂದ, ಅರ್ಧ ದೇಶದ ಬಾಗುವಿಕೆಯಿಂದ. 1919ರ ಮೇ 29ರ ಗ್ರಹಣದಲ್ಲಿ ಪ್ರಿನ್ಸಿಪೆ ದ್ವೀಪ ಮತ್ತು ಬ್ರೆಜಿಲ್‌ನ ಸೊಬ್ರಾಲ್‌ನಿಂದ ಅಳೆದದ್ದು ಇದನ್ನೇ: ಅರ್ಧವೋ, ಪೂರ್ತಿಯೋ? ಪೂರ್ತಿ ಎಂದು ಬಂತು.

ಜಿಪಿಎಸ್‌ಗೆ ಐನ್‌ಸ್ಟೈನ್ ಬೇಕೇ ಬೇಕು ಅಂತಾರೆ, ಎಷ್ಟು ನಿಜ?

ನಿಜ, ಆದರೆ ಸಾಮಾನ್ಯವಾಗಿ ಹೇಳುವ ರೀತಿಯಲ್ಲಿ ಅಲ್ಲ. ಜಿಪಿಎಸ್ ಉಪಗ್ರಹ 20,200 ಕಿ.ಮೀ. ಎತ್ತರದಲ್ಲಿದೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಅದರ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೊಸೆಕೆಂಡ್ ಮುಂದೋಡುತ್ತದೆ, ವೇಗದಿಂದಾಗಿ ಸುಮಾರು 7 ಹಿಂದೆ ಬೀಳುತ್ತದೆ. ನಿವ್ವಳ 38 ಮುಂದೆ. ಇದಕ್ಕೇ ಗಡಿಯಾರವನ್ನು ಹಾರಿಸುವ ಮೊದಲೇ 10.23 ಮೆಗಾಹರ್ಟ್ಸ್ ಬದಲು 10.22999999543ಕ್ಕೆ ಕೂಡಿಸಿಡುತ್ತಾರೆ.

38 ಮೈಕ್ರೊಸೆಕೆಂಡಿಗೆ ಬೆಳಕು 11 ಕಿ.ಮೀ. ಸಾಗುತ್ತದೆ, ಆದ್ದರಿಂದ ಈ ತಿದ್ದುಪಡಿ ಇಲ್ಲದಿದ್ದರೆ ನಕ್ಷೆಯಲ್ಲಿ ದಿನಕ್ಕೆ 11 ಕಿ.ಮೀ. ತಪ್ಪು ಎಂದು ಎಲ್ಲೆಡೆ ಬರೆಯುತ್ತಾರೆ. ಅದು ಅವಸರದ ಮಾತು. ಎಲ್ಲ ಉಪಗ್ರಹಗಳೂ ಒಂದೇ ಪ್ರಮಾಣದಲ್ಲಿ ಮುಂದೋಡಿದರೆ ರಿಸೀವರ್ ಅದನ್ನು ತನ್ನದೇ ಗಡಿಯಾರದ ದೋಷವೆಂದು ಎಣಿಸಿ ಬಹುಪಾಲು ಕಳೆದುಬಿಡುತ್ತದೆ. ನಿಜವಾಗಿ ಕಾಡುವುದು ಉಪಗ್ರಹದಿಂದ ಉಪಗ್ರಹಕ್ಕೆ ಬೇರೆಯಾಗುವ ಭಾಗ. ಕಕ್ಷೆ ಸ್ವಲ್ಪ ಅಂಡಾಕಾರವಿದ್ದರೂ, ಅದರ ಅಳತೆಯಾದ ಉತ್ಕೇಂದ್ರತೆ 0.01 ಎನ್ನಿ, ಗಡಿಯಾರ 23 ನ್ಯಾನೊಸೆಕೆಂಡ್‌ವರೆಗೆ ಹಿಂದೆಮುಂದೆ ಓಲಾಡುತ್ತದೆ. ದೂರದಲ್ಲಿ ಅದು ಸುಮಾರು 7 ಮೀಟರ್. ಇದನ್ನು ನಿಮ್ಮ ಕೈಯ ಫೋನೇ ಲೆಕ್ಕಹಾಕಿ ತೆಗೆಯುತ್ತದೆ.

ಜಿಪಿಎಸ್‌ನಂತೆಯೇ ದಾರಿ ತೋರಿಸುವ ಭಾರತದ ನಾವಿಕ್ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಲ್ಲಿ ಗುರುತ್ವದ ಲೆಕ್ಕ 51, ವೇಗದ್ದು 4.5, ನಿವ್ವಳ ದಿನಕ್ಕೆ ಸುಮಾರು 46 ಮೈಕ್ರೊಸೆಕೆಂಡ್. ಈ ವ್ಯವಸ್ಥೆಯ ನೆಲದ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ.

ಹಾಗಾದ್ರೆ ಬೆಟ್ಟದ ಮೇಲಿದ್ದರೆ ಬೇಗ ವಯಸ್ಸಾಗುತ್ತಾ?

ಆಗುತ್ತದೆ. ಪ್ರತಿ ಕಿಲೋಮೀಟರ್ ಎತ್ತರಕ್ಕೆ ದಿನಕ್ಕೆ ಸುಮಾರು 9.4 ನ್ಯಾನೊಸೆಕೆಂಡ್. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಗಡಿಯಾರ ಮಂಗಳೂರಿನ ಕಡಲತೀರದ್ದಕ್ಕಿಂತ ದಿನಕ್ಕೆ 18 ನ್ಯಾನೊಸೆಕೆಂಡ್ ಮುಂದೆ. ಎಪ್ಪತ್ತು ವರ್ಷ ಅಲ್ಲೇ ಕಳೆದರೂ ಅರ್ಧ ಮಿಲಿಸೆಕೆಂಡ್ ಆಗುವುದಿಲ್ಲ, ತಂಪಿಗೆ ಹೋಗುವವರು ಧೈರ್ಯವಾಗಿ ಹೋಗಬಹುದು. ಪರಮಾಣು ಗಡಿಯಾರಕ್ಕೆ ಇಷ್ಟೆಲ್ಲ ಬೇಕಿಲ್ಲ: 2010ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು 33 ಸೆಂಟಿಮೀಟರ್ ಎತ್ತರದ ವ್ಯತ್ಯಾಸವನ್ನೇ ಹಿಡಿಯಿತು.

ವಿಶ್ವ ಹಿಗ್ಗುತ್ತಿದ್ದರೆ ನಾವೂ ಹಿಗ್ಗುತ್ತಿದ್ದೀವಾ?

ಇಲ್ಲ. ಪರಮಾಣು, ಭೂಮಿ, ಸೌರವ್ಯೂಹ, ಗೆಲಾಕ್ಸಿ ಇವೆಲ್ಲ ತಮ್ಮದೇ ಬಲಗಳಿಂದ ಬಿಗಿದುಕೊಂಡಿವೆ. ಹಿಗ್ಗುವುದು ಗೆಲಾಕ್ಸಿಗಳ ಗುಂಪುಗಳ ನಡುವಿನ ದೂರ. ನಮ್ಮ ಗುಂಪಿನಲ್ಲೇ ಇರುವ ಆಂಡ್ರೊಮಿಡಾ ಹತ್ತಿರವೇ ಬರುತ್ತಿದೆ.

## ಇನ್ನೂ ಆಳಕ್ಕೆ

ಗುರುತ್ವ ಅಲೆ ಬಂದಾಗ ಬೆಳಕಿನ ಅಲೆಯೂ ಹಿಗ್ಗುತ್ತಲ್ಲ, ಲೈಗೊ ಹೇಗೆ ಅಳೆಯುತ್ತೆ?

ಇದು ಒಳ್ಳೆಯ ಆಕ್ಷೇಪ. ಗುರುತ್ವ ಅಲೆ ಎಂದರೆ ದೇಶಕಾಲವೇ ಹಿಗ್ಗಿ ಕುಗ್ಗುತ್ತ ಸಾಗುವ ಅಲೆ; ಅದನ್ನು ಹಿಡಿಯಲು ಅಮೆರಿಕದಲ್ಲಿ ಕಟ್ಟಿದ ಯಂತ್ರ ಲೈಗೊ. ಲೈಗೊದ ಎರಡು ತೋಳುಗಳು ತಲಾ 4 ಕಿ.ಮೀ.; ತುದಿಯ ಕನ್ನಡಿಗಳನ್ನು ತೂಗುಬಿಟ್ಟಿರುವುದರಿಂದ ತೋಳಿನ ದಿಕ್ಕಿನಲ್ಲಿ ಅವು ಮುಕ್ತ. ಬೆಳಕು ಸುಮಾರು 300 ಸಲ ಓಡಾಡಿ ಹೊರಬರಲು ಕೆಲವೇ ಮಿಲಿಸೆಕೆಂಡ್ ಸಾಕು. ನೂರು ಹರ್ಟ್ಸ್‌ನ ಗುರುತ್ವ ಅಲೆ ಒಂದು ಸುತ್ತು ಮುಗಿಸಲು 10 ಮಿಲಿಸೆಕೆಂಡ್ ಬೇಕು. ಒಳಗಿದ್ದ ಬೆಳಕು ಹಿಗ್ಗಿದರೂ ಅದು ಬೇಗ ಹೊರಹೋಗಿ ಲೇಸರ್‌ನಿಂದ ಹೊಸ ಬೆಳಕು ಬರುತ್ತಿರುತ್ತದೆ. ಯಂತ್ರ ಹೋಲಿಸುವುದು ಎರಡು ತೋಳುಗಳಿಂದ ಬರುವ ಅಲೆಶಿಖರಗಳು ತಲುಪುವ ಹೊತ್ತನ್ನು. ಗಡಿಯಾರದ ಕೆಲಸವೇ, ಅಳತೆಪಟ್ಟಿಯದಲ್ಲ.

2015ರ ಸೆಪ್ಟೆಂಬರ್ 14ರಂದು ಸಿಕ್ಕ ಮೊದಲ ಅಲೆಯಲ್ಲಿ ತೋಳಿನ ಉದ್ದ ಬದಲಾದದ್ದು ಪ್ರೋಟಾನಿನ ಗಾತ್ರದ ಸಾವಿರದಲ್ಲೊಂದು ಭಾಗದ ಆಸುಪಾಸು. ಸೂರ್ಯನ 36 ಮತ್ತು 29 ಪಟ್ಟಿನ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನದಾಯಿತು. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹೋಯಿತು. ಕೂಡಿದ ಮೇಲೆ ಕಪ್ಪುಕುಳಿ ಬೇಗನೆ ಅಡಗುವ ನಿರ್ದಿಷ್ಟ ಸ್ವರದಲ್ಲಿ ಮಿಡಿಯುತ್ತದೆಂದು 1970ರಲ್ಲೇ ಲೆಕ್ಕಹಾಕಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. ಭಾರತದ ಲೈಗೊ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೆ ನಿಗದಿಯಾಗಿದೆ.

ಕಪ್ಪುಕುಳಿಯೊಳಗೆ ಕಾಲ, ದೇಶ ಅದಲುಬದಲಾಗುತ್ತೆ ಅಂತಾರಲ್ಲ?

ಸೂರ್ಯನಷ್ಟು ದ್ರವ್ಯಕ್ಕೆ ಕಪ್ಪುಕುಳಿಯ ಅಂಚಿನ ತ್ರಿಜ್ಯ ಸುಮಾರು 3 ಕಿ.ಮೀ., ಭೂಮಿಯಷ್ಟಕ್ಕೆ 9 ಮಿ.ಮೀ. ಅಂಚಿನ ಒಳಗೆ ‘ಕೇಂದ್ರದಿಂದ ದೂರ’ ಎಂಬ ಸಂಖ್ಯೆಯ ಮುಂದಿನ ಚಿಹ್ನೆ ಬದಲಾಗಿ ಅದು ಕಾಲದಂತೆ ವರ್ತಿಸುತ್ತದೆ. ಹಾಗಾಗಿ ಒಳಹೊಕ್ಕವನಿಗೆ ಕೇಂದ್ರವೆಂಬುದು ಎದುರಿಗಿರುವ ಜಾಗವಾಗಿರದೆ ಮುಂದೆ ಬರಲಿರುವ ಗಳಿಗೆಯಾಗಿರುತ್ತದೆ. ನಾಳೆಯನ್ನು ಬಳಸಿಕೊಂಡು ಹೋಗಲು ರಾಕೆಟ್ ಇಲ್ಲ. ತಿರುಗದ ಕಪ್ಪುಕುಳಿಯ ಒಳಗೆ ಸಿಗುವ ಗರಿಷ್ಠ ಹೊತ್ತು ಸೂರ್ಯನಷ್ಟರದಕ್ಕೆ 15 ಮೈಕ್ರೊಸೆಕೆಂಡ್. ನಮ್ಮ ಗೆಲಾಕ್ಸಿಯ ನಡುವಿನ 43 ಲಕ್ಷ ಸೂರ್ಯರಷ್ಟು ಭಾರದ್ದು ತಿರುಗುತ್ತಿಲ್ಲವೆಂದುಕೊಂಡರೆ ಒಂದು ನಿಮಿಷ ಚಿಲ್ಲರೆ. ಒದ್ದಾಡಿ ಎಂಜಿನ್ ಉರಿಸಿದರೆ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ.

ದೇಶಕಾಲ ನಿಜವಾದ ವಸ್ತುವಾ, ಬರೀ ಗಣಿತವಾ?

ಬೆಳಕಿನ ಅಲೆ ಸಾಗಲು ಎಲ್ಲೆಡೆ ತುಂಬಿದೆಯೆಂದು ಹತ್ತೊಂಬತ್ತನೇ ಶತಮಾನದಲ್ಲಿ ನಂಬಿದ್ದ ಈಥರ್‌ನಂಥ ವಸ್ತು ಖಂಡಿತ ಅಲ್ಲ; ಅದರೊಳಗೆ ನಮ್ಮ ವೇಗ ಎಷ್ಟೆಂದು ಕೇಳಿದರೆ ಉತ್ತರವೇ ಇಲ್ಲ, 1887ರಲ್ಲಿ ಮೈಕಲ್ಸನ್ ಮತ್ತು ಮಾರ್ಲಿಗೆ ಸಿಗದೇ ಹೋದದ್ದು ಅದೇ. ಬರೀ ಗಣಿತ ಎನ್ನುವುದೂ ಕಷ್ಟ, ಶೂನ್ಯದಲ್ಲಿ ಮೂರು ಸೂರ್ಯರಷ್ಟು ಶಕ್ತಿಯನ್ನು ಹೊತ್ತು ತಂದದ್ದು ಅದರ ಅಲೆಯೇ ತಾನೆ. ಭೌತಶಾಸ್ತ್ರಜ್ಞರು ಇದರಲ್ಲಿ ಒಮ್ಮತಕ್ಕೆ ಬಂದಿಲ್ಲ. ನಮಗೆ ಕಾಣುವಂತೆ, ಗಡಿಯಾರಗಳು ಏನು ತೋರಿಸುತ್ತವೆಂಬುದಕ್ಕೆ ಇಳಿಸಲಾಗದ ವಾದ ಈ ಚರ್ಚೆಯಲ್ಲಿ ಹೆಚ್ಚು ದೂರ ಒಯ್ಯುವುದಿಲ್ಲ.

ತುಂಬ ಸಣ್ಣದಕ್ಕೆ ಹೋದರೆ ದೇಶಕಾಲವೂ ತುಂಡು ತುಂಡಾ?

ಗುರುತ್ವ, ಪರಮಾಣು ಮಟ್ಟದ ನಿಯಮಗಳಾದ ಕ್ವಾಂಟಂ ಎರಡೂ ಒಟ್ಟಿಗೆ ಬೇಕಾಗುವ ಮಟ್ಟ ಪ್ಲಾಂಕ್ ಉದ್ದ: ದಶಮಾಂಶದ ನಂತರ 34 ಸೊನ್ನೆ ಹಾಕಿ 16 ಬರೆದರೆ ಅಷ್ಟು ಮೀಟರ್. 1986ರಲ್ಲಿ ಭೌತಶಾಸ್ತ್ರಜ್ಞ ಅಭಯ್ ಅಷ್ಟೇಕರ್ ಕೊಟ್ಟ ಹೊಸ ಚಲಕಗಳಿಂದ ಬೆಳೆದ, ಎರಡನ್ನೂ ಬೆಸೆಯಲು ನೋಡುವ ಲೂಪ್ ಸಿದ್ಧಾಂತದಲ್ಲಿ ವಿಸ್ತೀರ್ಣ, ಗಾತ್ರಗಳು ತುಂಡಾಗಿ ಬರುತ್ತವೆ. ಪ್ರಯೋಗದ ಪುರಾವೆ ಇಲ್ಲ. ತುಂಡುತುಂಡಾದ ದೇಶಕಾಲದಲ್ಲಿ ಹೆಚ್ಚು ಶಕ್ತಿಯ ಬೆಳಕು ತುಸು ತಡವಾಗಬಹುದೆಂಬ ಊಹೆಯನ್ನು ಫರ್ಮಿ ದೂರದರ್ಶಕ 2009ರ ಮೇ 10ರ ಗಾಮಾ ಸ್ಫೋಟದಲ್ಲಿ ಪರೀಕ್ಷಿಸಿತು. ನೂರಾರು ಕೋಟಿ ವರ್ಷ ಸಾಗಿ ಬಂದ ಕಿರಣಗಳಲ್ಲಿ 31 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ನದೂ ಸ್ಫೋಟ ಶುರುವಾದ ಒಂದು ಸೆಕೆಂಡಿನೊಳಗೇ ತಲುಪಿತು. ತಡವಾಗುತ್ತದೆನ್ನುವ ಅತಿ ಸರಳ ಮಾದರಿಗಳಿಗೆ ಅದು ಪೆಟ್ಟು ಕೊಟ್ಟಿತು.

ಗಣಿತ ಸಮೇತ ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ?

ಬಾಗಿದ ದೇಶಕಾಲದ ಪೂರ್ಣ ಗಣಿತವಾದ ಟೆನ್ಸರ್‌ನಿಂದ ಬೇಡ, ಹೆಚ್ಚಿನವರು ಕೈಬಿಡುವುದು ಅಲ್ಲೇ. ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ದೂರವನ್ನು ಬೆಳಕಿನ ಸೆಕೆಂಡಿನಲ್ಲಿ, ಉದ್ದಕ್ಕೆ ಕಾಲವನ್ನು ಸೆಕೆಂಡಿನಲ್ಲಿ ಗುರುತಿಸಿ. ಬೆಳಕಿನ ರೇಖೆ 45 ಡಿಗ್ರಿಗೆ ಬರುತ್ತದೆ. ಕಾಲ 5, ದೂರ 3 ಇರುವ ಎರಡು ಘಟನೆಗಳನ್ನು ಗುರುತಿಸಿದರೆ ಸಾಗುವ ಗಡಿಯಾರ ತೋರುವುದು 4 ಸೆಕೆಂಡ್. ಹಾಳೆಯ ಮೇಲಿನ ಗೆರೆಯನ್ನು ಸ್ಕೇಲಿನಿಂದ ಅಳೆದು ಉತ್ತರ ತೆಗೆಯಬೇಡಿ, ಸ್ಕೇಲಿಗೆ ಮೈನಸ್ ಗೊತ್ತಿಲ್ಲ. ಹತ್ತನೇ ತರಗತಿಯ ಬೀಜಗಣಿತದಲ್ಲೇ ಅವಳಿಗಳು, ಮ್ಯೂಆನ್, ‘ಈಗ’ ಮೂರನ್ನೂ ಮುಗಿಸಬಹುದು. ಆಮೇಲೆ ಪಿಯುಸಿ ಕಲನಶಾಸ್ತ್ರ, ಗೋಳದ ಮೇಲಿನ ಅತಿ ಗಿಡ್ಡ ದಾರಿಗಳ ಲೆಕ್ಕ, ಬಳಿಕ ಒಂದೇ ನಕ್ಷತ್ರದ ಸುತ್ತಲಿನ ಶ್ವಾರ್ಟ್ಸ್‌ಷೀಲ್ಡ್ ಸೂತ್ರ. ಟೆನ್ಸರ್ ಬರಬೇಕಾದ್ದು ಇಷ್ಟಾದ ನಂತರ. ಪ್ರತಿ ಲೆಕ್ಕದ ಕೊನೆಗೂ ವೇಗವನ್ನು ತೀರಾ ಕಡಿಮೆ ಮಾಡಿ ನೋಡಿ. ನ್ಯೂಟನ್‌ನ ಉತ್ತರ ಬರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ, ಇಲ್ಲವೇ ಬೆಳಕಿನ ವೇಗದಿಂದ ಗುಣಿಸುವುದು ಮರೆತಿದೆ.